ತಿರುಗಾಟ ಅನ್ನ ಕೊಟ್ಟೀತೆ?

ಪಿಯುಸಿ ಫಲಿತಾಂಶ ಬಂದ ವಾರ ಅನೇಕ ಮನೆಗಳಲ್ಲಿ ನಡೆಯುವ ಮಾತುಕತೆಗೆ ಒಂದು ಸಿದ್ಧ ರೂಪವಿದೆ. ಅಪ್ಪ ಎಂಜಿನಿಯರಿಂಗ್ ಎನ್ನುತ್ತಾರೆ, ಅಮ್ಮ ಮೆಡಿಕಲ್ ಎನ್ನುತ್ತಾರೆ, ಊರಿನಿಂದ ಬಂದ ಸೋದರಮಾವ 'ಬಿಎಸ್ಸಿ ಅಗ್ರಿ ಮಾಡಿಸಿ ನೋಡಿ' ಎಂದು ಮೂರನೆಯ ದಾರಿ ತೋರಿಸುತ್ತಾರೆ. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಮಗಳು ಇದ್ದಕ್ಕಿದ್ದಂತೆ 'ನಾನು ಊರೂರು ಸುತ್ತಿ ಪತ್ರಿಕೆಗಳಿಗೆ ಬರೆಯಬೇಕು ಅಂತಿದ್ದೀನಿ' ಎಂದುಬಿಟ್ಟರೆ?

ಮನೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಅಪ್ಪನ ಪ್ರಶ್ನೆ: 'ನೀನು ಸುತ್ತೋದಕ್ಕೆ ದುಡ್ಡು ಕೊಡೋರು ಯಾರಮ್ಮ?'

ಅಪ್ಪ ಇದನ್ನು ಸಿಟ್ಟಿನಲ್ಲಿ ಕೇಳಿರಬಹುದು. ಆದರೆ ಪ್ರಶ್ನೆ ಸರಿಯಾದದ್ದೇ. ಉತ್ತರವೂ ಚಿಕ್ಕದು: ಸುತ್ತುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಪತ್ರಿಕೆಯವರು ಕೊಡುವುದು ಬರೆದದ್ದಕ್ಕೆ, ಅದೂ ಅಚ್ಚಾದ ಮೇಲೆ. ಬಸ್ ಚಾರ್ಜು ಇಂದೇ ಕೊಡಬೇಕು, ಸಂಭಾವನೆ ಬರುವುದು ತಿಂಗಳುಗಳ ನಂತರ. ಪ್ರವಾಸ ಬರಹವನ್ನೇ ಕಸುಬು ಮಾಡಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಈ ನಡುವಿನ ಅವಧಿಯಲ್ಲಿ. ಬರೆಯಲು ಬಾರದೆ ಸೋತವರಿಗಿಂತ, ಮೊದಲ ಎರಡು ಮೂರು ವರ್ಷ ಹೊಟ್ಟೆ ಬಟ್ಟೆ ನೋಡಿಕೊಳ್ಳಲಾಗದೆ ಕೈಬಿಟ್ಟವರೇ ಜಾಸ್ತಿ ಇದ್ದಾರು.

ಹಾಗಿದ್ದರೂ ದಾಟಿದವರಿದ್ದಾರೆ. ಅಂಥವರಲ್ಲಿ ಒಬ್ಬರ ಕಥೆಯನ್ನು ಮಕ್ಕಳೂ ಅಪ್ಪ ಅಮ್ಮಂದಿರೂ ಒಟ್ಟಿಗೆ ಕೂತು ಓದಬಹುದು. ಐರ್ಲೆಂಡ್ ದೇಶದ ಡರ್ವ್ಲಾ ಮರ್ಫಿ ಎಂಬ ಈ ಮಹಿಳೆಗೂ ನಮ್ಮ ಕೊಡಗಿಗೂ ಒಂದು ನಂಟು ಇದೆ. ಅದನ್ನು ಮುಂದೆ ನೋಡೋಣ.

ಹಳೆಯ ಸೈಕಲ್ಲು, ಹಳೆಯ ಅಟ್ಲಾಸು

ಡರ್ವ್ಲಾ ಹುಟ್ಟಿದ್ದು 1931ರ ನವೆಂಬರ್ 28ರಂದು, ವಾಟರ್‌ಫರ್ಡ್ ಜಿಲ್ಲೆಯ ಲಿಸ್ಮೋರ್ ಎಂಬ ಸಣ್ಣ ಪೇಟೆಯಲ್ಲಿ. ತಂದೆ ಜಿಲ್ಲಾ ಗ್ರಂಥಪಾಲಕರು. ಮನೆಯಲ್ಲಿ ದುಡ್ಡು ಕಮ್ಮಿ, ಪುಸ್ತಕ ಜಾಸ್ತಿ. ತಾಯಿಗೆ ಕೀಲುವಾತ. ಅದು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗಿ ಕೊನೆಗೆ ಆಕೆ ನಡೆದಾಡಲಾರದ ಸ್ಥಿತಿಗೆ ಬಂದರು. ಡರ್ವ್ಲಾ ಒಬ್ಬಳೇ ಮಗಳು.

1941ರಲ್ಲಿ ಹತ್ತನೆಯ ಹುಟ್ಟುಹಬ್ಬಕ್ಕೆ ಅವಳಿಗೆ ಎರಡು ಉಡುಗೊರೆಗಳು ಬಂದವು. ಅಪ್ಪ ಅಮ್ಮನಿಂದ ಒಂದು ಸೈಕಲ್ಲು, ತಾತನಿಂದ ಒಂದು ಅಟ್ಲಾಸು. ಎರಡೂ ಯಾರೋ ಬಳಸಿ ಬಿಟ್ಟ ಹಳೆಯ ವಸ್ತುಗಳೇ. ಕೆಲವು ದಿನಗಳ ನಂತರ ಊರ ಹೊರಗಿನ ಏರುದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದ ಹುಡುಗಿ ತನ್ನ ಕಾಲುಗಳನ್ನೇ ನೋಡಿಕೊಂಡಳಂತೆ. ಹೀಗೇ ತುಳಿಯುತ್ತ ಹೋದರೆ ಒಂದು ದಿನ ಇಂಡಿಯಾ ಮುಟ್ಟಬಹುದಲ್ಲ ಎನ್ನಿಸಿತಂತೆ. ಅಟ್ಲಾಸಿನಲ್ಲಿ ಐರ್ಲೆಂಡಿನಿಂದ ಇಂಡಿಯಾಕ್ಕೆ ಹೋಗುವಾಗ ದಾಟಬೇಕಾದ ಸಮುದ್ರ ಬಹಳ ಕಮ್ಮಿ, ಉಳಿದದ್ದೆಲ್ಲ ನೆಲ. ಆ ಲೆಕ್ಕವನ್ನು ಹತ್ತು ವರ್ಷದ ಮಗು ತಾನೇ ಹಾಕಿಕೊಂಡಿತ್ತು.

ಕಥೆಪುಸ್ತಕವಾಗಿದ್ದರೆ ಮುಂದಿನ ಅಧ್ಯಾಯದಲ್ಲಿ ಹುಡುಗಿ ಇಂಡಿಯಾದಲ್ಲಿರುತ್ತಿದ್ದಳು. ಆದದ್ದು ಬೇರೆ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಹಾಸಿಗೆ ಹಿಡಿದ ತಾಯಿಯ ಸೇವೆಗೆ ನಿಲ್ಲಬೇಕಾಯಿತು. ಒಂದಲ್ಲ ಎರಡಲ್ಲ, ಹದಿನಾರು ವರ್ಷ. ಅಡುಗೆ, ಔಷಧಿ, ರಾತ್ರಿ ಎದ್ದು ತಾಯಿಯನ್ನು ಮಗ್ಗುಲು ಬದಲಿಸುವುದು ಇವೇ ಅವಳ ಯೌವನವಾದವು. ಹೊರಗಿನವರು ನೋಡಿ ಮರುಗುವಂಥ ಬದುಕು.

ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಮಗಳು ಒಬ್ಬಳೇ ಹೊರಗೆ ಹೋಗಿ ಬರಲಿ ಎಂದು ಒತ್ತಾಯಿಸಿದವರು ಆ ತಾಯಿಯೇ. ಸಿಕ್ಕ ಸಣ್ಣ ಬಿಡುವಿನಲ್ಲಿ ಡರ್ವ್ಲಾ 1951ರಲ್ಲಿ ವೇಲ್ಸ್ ಮತ್ತು ದಕ್ಷಿಣ ಇಂಗ್ಲೆಂಡ್, ಮರುವರ್ಷ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಆಮೇಲೆ ಎರಡು ಸಲ ಸ್ಪೇನ್, ಹೀಗೆ ಸೈಕಲ್ಲಿನಲ್ಲೇ ಸುತ್ತಿ ಬಂದರು. ಹೋಗಿ ಬಂದದ್ದನ್ನು ಬರೆದರು. ಐರ್ಲೆಂಡಿನ 'ಹೈಬರ್ನಿಯಾ' ನಿಯತಕಾಲಿಕವೂ 'ಐರಿಷ್ ಇಂಡಿಪೆಂಡೆಂಟ್' ದಿನಪತ್ರಿಕೆಯೂ ಅವರ ಕೆಲವು ಪ್ರವಾಸ ಲೇಖನಗಳನ್ನು ಪ್ರಕಟಿಸಿದವು. ಸ್ಪೇನ್ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದು ಪ್ರಕಾಶಕರಿಗೆ ಕಳಿಸಿದರು. ಅದು ಬೇಡವೆಂದು ವಾಪಸು ಬಂತು.

ಡರ್ವ್ಲಾ ಮರ್ಫಿ ಎಂದರೆ ಸೈಕಲ್ಲೇರಿ ಹೊರಟ ಕೂಡಲೇ ಪ್ರಸಿದ್ಧರಾದವರು ಎಂದು ತಿಳಿದವರು ಈ ಭಾಗವನ್ನು ಮರೆತೇಬಿಡುತ್ತಾರೆ. ಮೊದಲ ಪುಸ್ತಕ ಹೊರಬರುವ ಎಷ್ಟೋ ವರ್ಷ ಮುಂಚೆಯೇ ಅವರು ಸಣ್ಣ ಲೇಖನಗಳಲ್ಲಿ ಕೈ ಪಳಗಿಸಿಕೊಂಡಿದ್ದರು, ತಿರಸ್ಕಾರದ ಪತ್ರವನ್ನೂ ನೋಡಿದ್ದರು.

ಹೊರಟದ್ದು ಹಿಮದಲ್ಲಿ

1961ರಲ್ಲಿ ತಂದೆ, 1962ರಲ್ಲಿ ತಾಯಿ ತೀರಿಕೊಂಡರು. 1963ರ ಜನವರಿ 14ರಂದು ಡರ್ವ್ಲಾ ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈಕಲ್ಲೇರಿದರು. ವಯಸ್ಸು 31. ಅಟ್ಲಾಸು ನೋಡಿ ಲೆಕ್ಕ ಹಾಕಿದ ಮೇಲೆ 21 ವರ್ಷ ಕಳೆದಿತ್ತು. ಯೂರೋಪಿನಲ್ಲಿ ಆ ವರ್ಷದ್ದು ಕಂಡು ಕೇಳರಿಯದ ಚಳಿ. ಸೈಕಲ್ಲಿಗೆ ಇಟ್ಟ ಹೆಸರು 'ರಾಜ್', ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ರೋಸಿನಾಂಟೆಯ ಹೆಸರನ್ನು ಮೊಟಕು ಮಾಡಿದ್ದು.

ಸೈಕಲ್ಲಿನ ವಿಷಯದಲ್ಲಿ ಅವರು ಮಾಡಿದ ಒಂದು ಕೆಲಸ ಕುತೂಹಲದ್ದು. ಅದಕ್ಕೆ ಮೂರು ಗೇರುಗಳಿದ್ದವು. ಏಷ್ಯಾದ ರಸ್ತೆಗಳಿಗೆ ಅಷ್ಟು ನಾಜೂಕಿನ ಯಂತ್ರ ತಡೆಯದು, ಕೆಟ್ಟರೆ ರಿಪೇರಿ ಮಾಡುವವರೂ ಸಿಗರು ಎಂದು ಯೋಚಿಸಿ ಗೇರನ್ನೇ ಬಿಚ್ಚಿಸಿಹಾಕಿದರು. ಬೆಟ್ಟ ಹತ್ತಲು ಗೇರು ಬೇಕು ಎಂಬುದು ಒಂಬತ್ತನೇ ತರಗತಿಯ ಭೌತಶಾಸ್ತ್ರಕ್ಕೂ ಗೊತ್ತು. ಆದರೆ ಬೆಟ್ಟದಲ್ಲಿ ಇಳಿದು ತಳ್ಳಿಕೊಂಡು ಹೋಗಬಹುದು, ನಡುದಾರಿಯಲ್ಲಿ ಕೆಟ್ಟ ಸೈಕಲ್ಲನ್ನು ಏನು ಮಾಡುವುದು? ಬಿಡಿ ಟೈರುಗಳನ್ನು ದಾರಿಯ ಕೆಲವು ಊರುಗಳಿಗೆ ಮುಂಚಿತವಾಗಿಯೇ ಕಳಿಸಿದ್ದರು. ಒಂದು ಪುಟ್ಟ ಪಿಸ್ತೂಲೂ ಜತೆಗಿತ್ತು. ಭಂಡ ಧೈರ್ಯ ಎಂದು ಹೊರಗಿನವರಿಗೆ ಕಂಡ ಪ್ರಯಾಣದ ಹಿಂದೆ ಇಂಥ ಸಣ್ಣ ಸಣ್ಣ ಲೆಕ್ಕಾಚಾರಗಳು ಹತ್ತಾರು ಇದ್ದವು.

ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ. ಅಫ್ಘಾನಿಸ್ತಾನದ ಒಂದು ಬಸ್ಸಿನಲ್ಲಿ ಯಾರಯಾರದೋ ಜಗಳದ ನಡುವೆ ಬಂದೂಕಿನ ಹಿಡಿ ತಗುಲಿ ಪಕ್ಕೆಲುಬುಗಳು ಮುರಿದವು. ಆ ದೇಶವನ್ನು ಮಾತ್ರ ಅವರು ಕೊನೆಯವರೆಗೂ ಪ್ರೀತಿಯಿಂದಲೇ ನೆನೆದರು. ಜುಲೈ ತಿಂಗಳಲ್ಲಿ ದೆಹಲಿ ತಲುಪಿದರು. ಇದಿಷ್ಟೂ ಸಾಹಸ. ಸಾಹಸ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಅವರೆಲ್ಲ ಬರಹಗಾರರಾಗಲಿಲ್ಲ. ವ್ಯತ್ಯಾಸ ಇರುವುದು ಸಂಜೆಯ ಹೊತ್ತಿನಲ್ಲಿ. ದಿನವಿಡೀ ಪೆಡಲ್ ತುಳಿದು ದಣಿದ ಮೈಯಲ್ಲೇ ಡರ್ವ್ಲಾ ಅಂದಂದಿನ ದಿನಚರಿಯನ್ನು ಅಂದಂದೇ ಬರೆದು ಮುಗಿಸುತ್ತಿದ್ದರು. ಕಂತು ಕಂತಾಗಿ ಅದನ್ನು ಐರ್ಲೆಂಡಿನ ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಹಸ್ತಪ್ರತಿ ಕಳೆದುಹೋಗುವ ಭಯವೂ ಇಲ್ಲ, 'ಮನೆಗೆ ಹೋಗಿ ನಿಧಾನವಾಗಿ ಬರೆದರಾಯಿತು' ಎಂಬ ಸೋಮಾರಿತನಕ್ಕೂ ಅವಕಾಶವಿಲ್ಲ.

ದೆಹಲಿಯಲ್ಲಿ ಅವರಿಗೆ ಪೆನೆಲೊಪಿ ಚೆಟ್‌ವುಡ್ ಎಂಬ ಇಂಗ್ಲಿಷ್ ಲೇಖಕಿಯ ಪರಿಚಯವಾಯಿತು. ಆಕೆ ಕವಿ ಜಾನ್ ಬೆಟ್ಜೆಮನ್‌ರ ಪತ್ನಿ, ಸ್ವತಃ ಪ್ರವಾಸ ಬರಹಗಾರ್ತಿ. ಈ ದಿನಚರಿಯನ್ನು ಲಂಡನ್ನಿನ ಜಾನ್ ಮರ್ರೆ ಪ್ರಕಾಶನಕ್ಕೆ ಕಳಿಸು ಎಂದು ಹುರಿದುಂಬಿಸಿದವರು ಆಕೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಪ್ರಕಾಶನದ ಹೆಸರು ಪರಿಚಿತವಿರಬೇಕು. 1859ರಲ್ಲಿ ಡಾರ್ವಿನ್ನನ 'ಜೀವಿಸಂಕುಲಗಳ ಉಗಮ'ವನ್ನು ಹೊರತಂದದ್ದು ಇದೇ ಸಂಸ್ಥೆ. ಅಂಥ ದೊಡ್ಡ ಹೆಸರಿನ ಬಾಗಿಲು ತಟ್ಟುವ ಧೈರ್ಯ ಸ್ಪೇನ್ ಪುಸ್ತಕ ವಾಪಸು ಬಂದವರಿಗೆ ತಾನಾಗಿ ಬರುವಂಥದ್ದಲ್ಲ. 1965ರಲ್ಲಿ 'ಫುಲ್ ಟಿಲ್ಟ್' ಎಂಬ ಹೆಸರಿನಲ್ಲಿ ಆ ದಿನಚರಿ ಪುಸ್ತಕವಾಯಿತು. ನಡುವಿನ ಕಾಲದಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಧರ್ಮಶಾಲೆಯಲ್ಲಿ ಟಿಬೆಟ್ ನಿರಾಶ್ರಿತರ ಮಕ್ಕಳ ಶಿಬಿರದಲ್ಲಿ ತಿಂಗಳುಗಟ್ಟಲೆ ದುಡಿದರು. ಆ ಅನುಭವ 1966ರಲ್ಲಿ ಎರಡನೆಯ ಪುಸ್ತಕವಾಯಿತು. ನೇಪಾಳದ್ದು 1967ರಲ್ಲಿ, ಹೇಸರಗತ್ತೆಯೊಂದಿಗೆ ಇಥಿಯೋಪಿಯಾ ನಡೆದದ್ದು 1968ರಲ್ಲಿ.

ಐದು ವರ್ಷದ ಮಗಳೊಂದಿಗೆ ಕೊಡಗಿಗೆ

1968ರಲ್ಲಿ ಮಗಳು ರೇಚಲ್ ಹುಟ್ಟಿದಳು. ತಿರುಗಾಟ ನಿಂತಿತು, ಆದಾಯ ನಿಲ್ಲುವಂತಿರಲಿಲ್ಲ. ಸುಮಾರು ಐದು ವರ್ಷ ಮನೆಯಲ್ಲೇ ಕೂತು ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆದರು. ಪ್ರವಾಸ ಬರಹಗಾರರೆಂದರೆ ಸದಾ ರೈಲಿನ ಕಿಟಕಿಯ ಪಕ್ಕ ಕೂತವರು ಎಂದು ತಿಳಿದಿರುವ ತರುಣರು ಈ ಐದು ವರ್ಷವನ್ನು ನೆನಪಿಡುವುದು ಒಳ್ಳೆಯದು. ಬರಹದಿಂದಲೇ ಬದುಕುವವರಿಗೆ ಒಂದು ಬಗೆಯ ಬರಹ ನಿಂತಾಗ ಇನ್ನೊಂದು ಬಗೆಯದು ಕೈ ಹಿಡಿಯಬೇಕಾಗುತ್ತದೆ.

1973ರ ಕೊನೆಯಲ್ಲಿ, ಐದು ವರ್ಷ ತುಂಬುತ್ತಿದ್ದ ರೇಚಲಳನ್ನು ಕರೆದುಕೊಂಡು ಡರ್ವ್ಲಾ ದಕ್ಷಿಣ ಭಾರತಕ್ಕೆ ಬಂದರು. ಬೇಕಾದಷ್ಟು ಪ್ರಸಿದ್ಧ ಸ್ಥಳಗಳಿದ್ದರೂ ಅವರ ಮನಸ್ಸು ನಿಂತದ್ದು ಕೊಡಗಿನಲ್ಲಿ. ಅಲ್ಲಿ ಲಾಡ್ಜಿನಲ್ಲಿ ಎರಡು ದಿನ ಇದ್ದು ಹೊರಟುಬಿಡದೆ, ಜನರ ನಡುವೆಯೇ ವಾರಗಟ್ಟಲೆ ಉಳಿದರು. 1976ರಲ್ಲಿ ಪ್ರಕಟವಾದ ಪುಸ್ತಕದ ಹೆಸರು 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್'. ಕೈಯಲ್ಲಿ ಪುಡಿಗಾಸು ಇಟ್ಟುಕೊಂಡು ಕೊಡಗಿಗೆ ಹೋದದ್ದು ಎಂದು ಅರ್ಥ. ಮಗುವನ್ನು ಕರೆದುಕೊಂಡು ಬಂದವರನ್ನು ಹಳ್ಳಿಯ ಜನ ಪರದೇಶಿ ಎಂದು ದೂರ ಇಡುವುದಿಲ್ಲ, ಮೊದಲು ತಾಯಿ ಎಂದು ನೋಡುತ್ತಾರೆ ಎಂಬುದು ಈ ಪ್ರವಾಸದಲ್ಲಿ ಅವರಿಗೆ ಮನದಟ್ಟಾಯಿತು. ಮುಂದೆ ರೇಚಲ್‌ಳನ್ನು ಬಾಲ್ಟಿಸ್ತಾನ, ಪೆರು, ಮಡಗಾಸ್ಕರ್‌ಗಳಿಗೂ ಕರೆದೊಯ್ದರು.

2022ರ ಮೇ 22ರಂದು ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ಲಿಸ್ಮೋರಿನಲ್ಲೇ ಇತ್ತು. ಇಪ್ಪತ್ತೈದಕ್ಕೂ ಹೆಚ್ಚು ಪುಸ್ತಕಗಳು ಬಂದವು. ಕಾರು ಓಡಿಸಲು ಕಲಿಯಲೇ ಇಲ್ಲ. ಸರಳ ಬದುಕು ಅವರ ಸ್ವಭಾವ ನಿಜ, ಆದರೆ ಅದೇ ಅವರ ವೃತ್ತಿಯ ಬಂಡವಾಳವೂ ಆಗಿತ್ತು. ತಿಂಗಳ ಖರ್ಚು ಎಷ್ಟು ಕಮ್ಮಿಯೋ ಒಂದು ಪುಸ್ತಕದ ಗಳಿಕೆ ಅಷ್ಟು ಹೆಚ್ಚು ದಿನ ಬಾಳುತ್ತದೆ. ಕಂತಿನಲ್ಲಿ ಬೈಕು ಕೊಂಡು, ಕಂತಿನಲ್ಲಿ ಕ್ಯಾಮೆರಾ ಕೊಂಡು, ಆಮೇಲೆ ಸ್ವತಂತ್ರ ಬರಹಗಾರನಾಗುತ್ತೇನೆ ಎನ್ನುವ ಹುಡುಗನಿಗೆ ಈ ಲೆಕ್ಕವನ್ನು ಯಾರಾದರೂ ಹೇಳಬೇಕು.

ನಮ್ಮವರು ಹೇಗೆ ಬರೆದರು?

ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಬಡವಾಗಿಲ್ಲ. ಆದರೆ ಬರೆದವರ ಜೀವನೋಪಾಯ ನೋಡಿದರೆ ಒಂದು ಸತ್ಯ ಎದುರಾಗುತ್ತದೆ. 'ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ' ಬರೆದ ಜಿ.ಎಸ್. ಶಿವರುದ್ರಪ್ಪ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದ ನೇಮಿಚಂದ್ರ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗ ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಹಿರಿಯರು. ಪ್ರವಾಸ ಬರಹ ಇವರಲ್ಲಿ ಯಾರಿಗೂ ಅಕ್ಕಿ ಬೇಳೆಯ ಪ್ರಶ್ನೆಯಾಗಿರಲಿಲ್ಲ.

ಸಂಬಳದ ಹಂಗಿಲ್ಲದೆ ಬರೆದವರೂ ಇಲ್ಲವೆಂದಲ್ಲ. 'ಅಬೂವಿನಿಂದ ಬರಾಮಕ್ಕೆ' ಬರೆದ ಶಿವರಾಮ ಕಾರಂತರು ಜೀವಮಾನವಿಡೀ ಹಾಗೆಯೇ ಬದುಕಿದರು. ಅದಕ್ಕಾಗಿ ಕಾದಂಬರಿ, ಪಠ್ಯಪುಸ್ತಕ, ವಿಶ್ವಕೋಶ ಎಲ್ಲವನ್ನೂ ಬರೆದರು. ಅಂಡಮಾನ್ ಕುರಿತು ಬರೆದ ಪೂರ್ಣಚಂದ್ರ ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟವಿತ್ತು. ಹೊನ್ನಾವರದಲ್ಲಿ 1934ರಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರ ದಾರಿ ವಿಜ್ಞಾನ ಓದುವ ಮಕ್ಕಳಿಗೆ ಇನ್ನೂ ಹತ್ತಿರದ್ದು. ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸಿದ ವಿಜ್ಞಾನಿ, ರಾಜಸ್ಥಾನದಲ್ಲಿ ಕೆಲಕಾಲ ಕೆಲಸ ಮಾಡಿ, ಬೆಂಗಳೂರಿಗೆ ಬಂದು ಬರಹ ಮತ್ತು ಛಾಯಾಚಿತ್ರವನ್ನೇ ನೆಚ್ಚಿದರು. 'ನಾನೂ ಅಮೇರಿಕೆಗೆ ಹೋಗಿದ್ದೆ', 'ವಂಗದರ್ಶನ', 'ಬಸ್ತರ ಪ್ರವಾಸ' ಬಂದದ್ದು ಅವರಿಂದ. ಜತೆಗೆ ಕೀಟ, ಹಕ್ಕಿ, ಹಾವು, ಗಿಡಗಳ ಬಗ್ಗೆಯೂ ಬರೆದರು. ಹೋದ ಊರಿನಲ್ಲಿ ಬೇರೆಯವರಿಗೆ ಗುಡಿ ಗೋಪುರ ಮಾತ್ರ ಕಂಡರೆ ಇವರಿಗೆ ಗುಡಿಯ ಗೋಡೆಯ ಮೇಲಿನ ಜೇಡವೂ ಕಾಣುತ್ತಿತ್ತು. ಅವರ ಪತ್ನಿ ಜ್ಯೋತ್ಸ್ನಾ ಕಾಮತ್ ಆಕಾಶವಾಣಿಯಲ್ಲಿ ಅಧಿಕಾರಿಯಾಗಿದ್ದರು ಎಂಬುದನ್ನೂ ಹೇಳಬೇಕು. ಇಂಥ ಸಾಹಸಗಳ ಹಿಂದೆ ಮನೆಯೊಳಗಿನ ಒಂದು ಸ್ಥಿರ ಆದಾಯ ಇರುವುದುಂಟು, ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಇಂಗ್ಲಿಷಿನಲ್ಲಿ ಬರೆದ ಹ್ಯೂ ಮತ್ತು ಕಾಲೀನ್ ಗ್ಯಾಂಟ್ಜರ್ ದಂಪತಿ ಇನ್ನೊಂದು ಮಾದರಿ. ಹ್ಯೂ ನೌಕಾಪಡೆಯಲ್ಲಿ ಕಮಾಂಡರ್ ಹುದ್ದೆಯವರೆಗೆ ಏರಿ, ಆಮೇಲೆ ಮಸ್ಸೂರಿಯಲ್ಲಿ ನೆಲೆಸಿ ಪತ್ನಿಯೊಡನೆ ದೇಶವಿಡೀ ಸುತ್ತಿ ಬರೆದರು. ಇಬ್ಬರಿಗೂ 2025ರಲ್ಲಿ ಪದ್ಮಶ್ರೀ ಬಂತು, ಕಾಲೀನ್ ಅವರಿಗೆ ಮರಣೋತ್ತರವಾಗಿ. ಲೋನ್ಲಿ ಪ್ಲಾನೆಟ್ ಮಾರ್ಗದರ್ಶಿಗಳನ್ನು ಹುಟ್ಟುಹಾಕಿದ ಟೋನಿ ವೀಲರ್ ಎಂಜಿನಿಯರಿಂಗ್ ಓದಿದವರು. ಲಂಡನ್ನಿನಿಂದ ನೆಲದ ದಾರಿ ಹಿಡಿದು ಏಷ್ಯಾ ದಾಟಿ ಪತ್ನಿ ಮೌರೀನ್ ಜತೆ 1972ರ ಡಿಸೆಂಬರಿನಲ್ಲಿ ಸಿಡ್ನಿ ಮುಟ್ಟಿದಾಗ ಇಬ್ಬರ ಬಳಿ ಉಳಿದದ್ದು 27 ಸೆಂಟ್. 'ಹೇಗೆ ಬಂದಿರಿ, ಎಷ್ಟು ಖರ್ಚಾಯಿತು' ಎಂದು ಕಂಡವರೆಲ್ಲ ಕೇಳುತ್ತಿದ್ದುದರಿಂದ ಉತ್ತರವನ್ನೇ ತೆಳ್ಳನೆಯ ಪುಸ್ತಕ ಮಾಡಿ 1973ರಲ್ಲಿ ಮಾರಿದರು. ಓದುಗರು ಏನು ಕೇಳುತ್ತಾರೆ ಎಂಬುದು ಅವರಿಗೆ ಬರೆಯುವ ಮೊದಲೇ ಗೊತ್ತಿತ್ತು.

'ನಯನ ಮನೋಹರ' ಬೇಡ

ಈಗ ಕೆಲಸದ ಮಾತು. ಪುರವಣಿಗಳಿಗೆ ಬರುವ ಪ್ರವಾಸ ಲೇಖನಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ಬೆಳಿಗ್ಗೆ ಐದಕ್ಕೆ ಗೆಳೆಯರೆಲ್ಲ ಟೆಂಪೋ ಟ್ರಾವೆಲರ್ ಹತ್ತುತ್ತಾರೆ, ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾರೆ, ಅಂತ್ಯಾಕ್ಷರಿ ಹಾಡುತ್ತಾರೆ. ಮುಕ್ಕಾಲು ಲೇಖನ ಮುಗಿದ ಮೇಲೆ ಜಲಪಾತ ಬರುತ್ತದೆ. ಅದು ನಯನ ಮನೋಹರವಾಗಿರುತ್ತದೆ, ಹಾಲಿನ ನೊರೆಯಂತಿರುತ್ತದೆ, ಪ್ರಕೃತಿಯ ಮಡಿಲಲ್ಲಿರುತ್ತದೆ. ಓದಿದವರಿಗೆ ಅದು ಜೋಗವೋ, ಶಿವನಸಮುದ್ರವೋ, ಅಬ್ಬಿಯೋ ಹೇಳಲಾಗದು. ಯಾವ ಜಲಪಾತಕ್ಕೆ ಬೇಕಾದರೂ ಹೊಂದುವ ಲೇಖನಕ್ಕೆ ಸಂಪಾದಕರು ಏಕೆ ಸಂಭಾವನೆ ಕೊಡಬೇಕು?

ಜೋಗವನ್ನೇ ತೆಗೆದುಕೊಳ್ಳಿ. ಶರಾವತಿ ಅಲ್ಲಿ 253 ಮೀಟರ್ ಕೆಳಗೆ ಬೀಳುತ್ತದೆ. ಅಂಚಿನಿಂದ ಕಲ್ಲೊಂದು ಕಳಚಿ ಬಿದ್ದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ತಳ ಮುಟ್ಟಲು ಏಳು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅದರ ಸದ್ದು ಮೇಲಕ್ಕೆ ಬರಲು ಇನ್ನೂ ಮುಕ್ಕಾಲು ಸೆಕೆಂಡು. ಓದುಗ ಮನಸ್ಸಿನಲ್ಲೇ ಒಂದರಿಂದ ಎಂಟರವರೆಗೆ ಎಣಿಸಿಕೊಂಡರೆ ಸಾಕು, ಆಳ ಎಷ್ಟೆಂದು ಅವನ ಹೊಟ್ಟೆಯಲ್ಲೇ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಕಲಿತ ಸೂತ್ರವೊಂದು ಹತ್ತು ವಿಶೇಷಣಗಳ ಕೆಲಸವನ್ನು ಹೀಗೆ ಮಾಡುತ್ತದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದವರು ಬಂಡೆ ನೋಡಿ ನಿರಾಶರಾಗಿ ಬರುತ್ತಾರೆ. ನೀರು ಎಲ್ಲಿ ಹೋಯಿತು? 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ. ಆ ನೀರಿನ ಕೆಳಗೆ ಯಾರ ಗದ್ದೆ, ಯಾರ ಮನೆ ಇದ್ದವು? ಅವರೆಲ್ಲ ಎಲ್ಲಿಗೆ ಹೋದರು? ವಿದ್ಯುತ್ ಬಂದದ್ದು ಯಾರ ಊರಿಗೆ? ಸಾಗರದ ಬಸ್ ನಿಲ್ದಾಣದಲ್ಲಿ ಪಕ್ಕ ಕೂತ ಅಜ್ಜನನ್ನು ವಿಚಾರಿಸಿದರೂ ಒಂದು ಲೇಖನಕ್ಕಾಗುವಷ್ಟು ಸಿಗುತ್ತದೆ. ಅಂಥ ಲೇಖನವನ್ನು ಬೇರೆ ಯಾವ ಜಲಪಾತಕ್ಕೂ ಅಂಟಿಸಲಾಗದು.

ಇದರಲ್ಲೇ ಇನ್ನೊಂದು ಲಾಭವೂ ಇದೆ. ಒಂದೇ ಪ್ರವಾಸದಿಂದ ಮೂರು ನಾಲ್ಕು ಲೇಖನಗಳು ಹುಟ್ಟದಿದ್ದರೆ ಸ್ವತಂತ್ರ ಬರಹಗಾರನಿಗೆ ಗಿಟ್ಟುವುದಿಲ್ಲ. ಬೀಳುವ ಕಲ್ಲಿನ ಲೆಕ್ಕ ಮಕ್ಕಳ ಪುಟಕ್ಕೆ, ಮುಳುಗಿದ ಊರುಗಳ ಕಥೆ ವಾರದ ಪುರವಣಿಗೆ, ದಾರಿಯಲ್ಲಿ ತಿಂದ ತೊಡದೇವು ಮಾಡುವ ಬಗೆ ಮಹಿಳಾ ಪುಟಕ್ಕೆ. ವಸ್ತು ಬೇರೆ ಬೇರೆಯಾಗಿರಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸಿ, ಎರಡರಲ್ಲೂ ಅದು ಅಚ್ಚಾದರೆ ಎರಡು ಬಾಗಿಲೂ ಮುಚ್ಚುತ್ತವೆ.

ಏನು ಓದಬೇಕು ಎಂದು ಕೇಳುವವರಿದ್ದಾರೆ. ಪ್ರವಾಸ ಬರಹಕ್ಕೆಂದೇ ಪದವಿ ಹುಡುಕುವುದು ವ್ಯರ್ಥ. ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ ಯಾವುದಾದರೂ ಸರಿ, ಒಂದನ್ನು ಚೆನ್ನಾಗಿ ಓದಿದವರಿಗೆ ಹೋದಲ್ಲೆಲ್ಲ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಮೂಲತಃ ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿಡ ಹುಡುಕಲು ಕಾಡಿಗೆ ಹೋದ ಸಸ್ಯಶಾಸ್ತ್ರದ ಮೇಷ್ಟರೊಬ್ಬರ ತಿರುಗಾಟದ ಕಥೆ. ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡರ್ವ್ಲಾ ಹದಿನಾಲ್ಕಕ್ಕೇ ಶಾಲೆ ಬಿಟ್ಟರಲ್ಲ ಎಂದು ಕಾಲೇಜು ಬಿಡಲು ನೆಪ ಹುಡುಕುವವರು, ಅವರು ಗ್ರಂಥಪಾಲಕರ ಮನೆಯಲ್ಲಿ ಹದಿನಾರು ವರ್ಷ ಓದಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಂಪಾದಕರ ಮೇಜಿನವರೆಗೆ

ಹಿಂದೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟು ಕಳಿಸುತ್ತಿದ್ದರು. ಲೇಖನ ಬೇಡವಾದರೆ ಅದೇ ಲಕೋಟೆಯಲ್ಲಿ ಮನೆಗೆ ಮರಳುತ್ತಿತ್ತು. ಈಗ ಇ-ಮೇಲ್ ಬಂದಿದೆ, ಲಕೋಟೆಯ ಖರ್ಚು ಉಳಿದಿದೆ. ಆದರೆ ಬೇಡವೆಂಬ ಉತ್ತರವೂ ಬರದೆ ತಿಂಗಳುಗಟ್ಟಲೆ ಕಾಯುವುದು ಹೊಸಬರ ಪಾಲಿಗೆ ಉಳಿದುಕೊಂಡಿದೆ. ಕಳಿಸುವ ಮುನ್ನ ಆ ಪತ್ರಿಕೆಯ ಹಿಂದಿನ ಹತ್ತು ವಾರದ ಪುರವಣಿ ಓದಿ, ಅದರಲ್ಲಿ ಬರುವ ಲೇಖನಗಳ ಉದ್ದ ಎಷ್ಟೆಂದು ಪದ ಎಣಿಸಿ ನೋಡಬೇಕು. ಬೇಸರದ ಕೆಲಸವೇ ಸರಿ, ಆದರೂ ಮಾಡಬೇಕು. ನುಡಿ ಅಕ್ಷರದಲ್ಲಿ ಬೇಕೋ, ಯೂನಿಕೋಡ್ ಆಗುತ್ತದೋ ವಿಚಾರಿಸಬೇಕು. ಚಿತ್ರಗಳಿಗೆ ಅಡಿಬರಹ ಬೇಕು. ಬಸ್ಸಿನ ಹೊತ್ತು, ದೂರ, ಊರಿನ ಹೆಸರಿನ ಕಾಗುಣಿತ ಇವುಗಳಲ್ಲಿ ಒಂದು ತಪ್ಪಾದರೂ ಆ ಊರಿನವರಿಂದಲೇ ಪತ್ರ ಬರುತ್ತದೆ. ಸಂಪಾದಕರು ಅಂಥ ಪತ್ರವನ್ನು ಮರೆಯುವುದಿಲ್ಲ.

ಹಕ್ಕಿನ ವಿಷಯ ಹೊಸಬರು ಕೇಳುವುದೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಂಬಳಕ್ಕೆ ದುಡಿಯುವ ಪತ್ರಕರ್ತನ ಬರಹವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯ ಮಾಲೀಕರದ್ದು. ಹೊರಗಿನಿಂದ ಬರೆಯುವ ಸ್ವತಂತ್ರ ಬರಹಗಾರನ ಲೇಖನದ ಹಕ್ಕು ಅವನದೇ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಬರವಣಿಗೆಯಲ್ಲೇ ಕೊಡಬೇಕು. ಆ ಪತ್ರದಲ್ಲಿ ಎಷ್ಟು ವರ್ಷಕ್ಕೆಂದು ಹೇಳದೇ ಇದ್ದರೆ ಐದು ವರ್ಷ ಎಂದು ಕಾನೂನು ಭಾವಿಸುತ್ತದೆ. ಇಂದು ಬಿಡಿಯಾಗಿ ಅಚ್ಚಾದ ಇಪ್ಪತ್ತು ಲೇಖನಗಳು ನಾಳೆ ಒಂದು ಪುಸ್ತಕವಾಗಬಹುದು. ಆದ್ದರಿಂದ ಸಹಿ ಹಾಕುವ ಮೊದಲು ಕಾಗದವನ್ನು ಎರಡು ಸಲ ಓದುವುದು ಒಳ್ಳೆಯದು.

ಇನ್ನು ಪುಕ್ಕಟೆ ಆತಿಥ್ಯ. ಹೆಸರು ಸ್ವಲ್ಪ ಕಾಣತೊಡಗಿದ ಕೂಡಲೇ ರೆಸಾರ್ಟಿನವರಿಂದ ಕರೆ ಬರುತ್ತದೆ. ಎರಡು ದಿನ ಬನ್ನಿ, ಊಟ ವಸತಿ ನಮ್ಮದು, ನಾಲ್ಕು ಮಾತು ಬರೆಯಿರಿ. ಹೋದರೆ ತಪ್ಪೇನು ಎನ್ನಿಸಬಹುದು. ಅವರ ಊಟ ಉಂಡು ಬಂದವನು ಅವರ ಕೊಳಚೆ ನೀರು ಯಾವ ಹೊಳೆಗೆ ಸೇರುತ್ತಿದೆ ಎಂದು ಬರೆದಾನೇ? ಸ್ವಂತ ಖರ್ಚಿನಲ್ಲಿ ಎಂಬತ್ತು ರೂಪಾಯಿ ಕೊಟ್ಟು ಬಸ್ಸಿನಲ್ಲಿ ಹೋದವನಿಗೆ ಈ ಇಕ್ಕಟ್ಟು ಬರುವುದಿಲ್ಲ. ಹಾಗೆಂದು ಆಹ್ವಾನವನ್ನು ಒಪ್ಪಿದವರೆಲ್ಲ ಅಪ್ರಾಮಾಣಿಕರೆಂದೂ ಹೇಳಲಾಗದು. ಯಾರ ಖರ್ಚಿನಲ್ಲಿ ಹೋದದ್ದೆಂದು ಲೇಖನದಲ್ಲೇ ಹೇಳಿಬಿಟ್ಟರೆ ಓದುಗನಿಗೆ ಮೋಸವಾಗುವುದಿಲ್ಲ.

ಹಾಗಾದರೆ ಮಗಳಿಗೆ ಅಪ್ಪ ಏನು ಹೇಳಬೇಕು? ಕನ್ನಡದ ಲೇಖನಗಳ ಸಂಭಾವನೆಯೊಂದರಿಂದಲೇ ಸಂಸಾರ ನಡೆಸುವುದು ಇಂದಿಗೂ ಕಷ್ಟ. ಇಂಗ್ಲಿಷಿನಲ್ಲೂ ಬರೆಯಬಲ್ಲವರಿಗೆ, ಅನುವಾದ ಮಾಡಬಲ್ಲವರಿಗೆ, ಒಳ್ಳೆಯ ಚಿತ್ರ ತೆಗೆಯಬಲ್ಲವರಿಗೆ ದಾರಿ ಸ್ವಲ್ಪ ಅಗಲ. ಪದವಿ ನಡೆಯುತ್ತಿರಲಿ. ಮೂರು ವರ್ಷ ಭಾನುವಾರಗಳೂ ರಜೆಗಳೂ ಅವಳವಾಗಲಿ. ದೂರದ ಲೇಹ್, ಲಡಾಖ್ ಬಗ್ಗೆ ಬರೆಯಲು ನೂರು ಜನ ಇದ್ದಾರೆ. ಅಜ್ಜಿಯ ಊರಿನ ಸಂತೆ ಏಕೆ ಮಂಗಳವಾರವೇ ಕೂಡುತ್ತದೆ, ಅಲ್ಲಿಗೆ ಬರುವ ಕಂಬಳಿ ಎಲ್ಲಿಂದ ಬರುತ್ತದೆ, ಈಗ ನೇಯುವವರು ಎಷ್ಟು ಮನೆ ಉಳಿದಿದ್ದಾರೆ ಎಂದು ಬರೆಯಬಲ್ಲವಳು ಅವಳೊಬ್ಬಳೇ ಇರಬಹುದು. ಬಸ್ ಚಾರ್ಜು, ಊಟ, ಬಂದ ಸಂಭಾವನೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಮೂರನೆಯ ವರ್ಷದ ಕೊನೆಗೆ ಅಪ್ಪನೂ ಮಗಳೂ ಆ ಲೆಕ್ಕದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಮಾತಾಡಬಹುದು. ಆಗ ಇಬ್ಬರಿಗೂ ಕೂಗಾಡುವ ಅಗತ್ಯ ಬೀಳುವುದಿಲ್ಲ.

ಒಂದು ಸೂಚನೆ. ಹಬ್ಬ, ಜಾತ್ರೆ, ಮಳೆಗಾಲದ ಲೇಖನಗಳನ್ನು ಪುರವಣಿಗಳು ಬಹಳ ಮುಂಚೆಯೇ ಆರಿಸಿಟ್ಟುಕೊಳ್ಳುತ್ತವೆ. ದಸರೆಯ ಲೇಖನ ದಸರೆಯ ವಾರ ತಲುಪಿದರೆ ಪ್ರಯೋಜನವಿಲ್ಲ, ಆಗಸ್ಟ್ ಹೊತ್ತಿಗೆ ಸಂಪಾದಕರ ಕೈಯಲ್ಲಿರಬೇಕು. ಜೋಗದ್ದನ್ನು ಮೇ ತಿಂಗಳಲ್ಲೇ ಕಳಿಸಬೇಕು. ಅಂದರೆ ಈ ವರ್ಷದ ಮಳೆಯಲ್ಲಿ ನೋಡಿ, ಟಿಪ್ಪಣಿ ಮಾಡಿ, ಚಿತ್ರ ತೆಗೆದಿಟ್ಟುಕೊಂಡದ್ದು ಅಚ್ಚಿಗೆ ಹೋಗುವುದು ಮುಂದಿನ ವರ್ಷದ ಮಳೆಗೆ.